ಸ್ಮಾಲ್ ಹೀತಿನ ಗಾಳಿಕೋವಿ

ಬರ್ಮಿಂಗ್‌ಹ್ಯಾಮಿಗೆ ಹೋದ ನಮ್ಮವರು ಬುಲ್‌ರಿಂಗ್ ಮಾರುಕಟ್ಟೆ ಸುತ್ತುತ್ತಾರೆ, ಮಕ್ಕಳನ್ನು ಕ್ಯಾಡ್ಬರಿಯವರ ಚಾಕೊಲೇಟ್ ಲೋಕಕ್ಕೆ ಕರೆದೊಯ್ಯುತ್ತಾರೆ, ಶನಿವಾರ ಟಿವಿಡೇಲಿನ ವೆಂಕಟೇಶ್ವರನಿಗೆ ಕೈಮುಗಿದು ಬರುತ್ತಾರೆ. ನಾನು ಸ್ಮಾಲ್ ಹೀತಿಗೆ ಹೋಗಬೇಕು ಎಂದಾಗ ಸಾಲಿಹಲ್‌ನಲ್ಲಿ ಮನೆ ಮಾಡಿಕೊಂಡಿರುವ ಅಕ್ಕನ ಮಗ ನಕ್ಕುಬಿಟ್ಟ. “ಅಲ್ಲೇನಿದೆ ಮಾವ ನೋಡೋಕೆ? ಅರ್ಧ ಗೋದಾಮು, ಇನ್ನರ್ಧ ಬಿರಿಯಾನಿ ಹೋಟ್ಲು.”

ಅಲ್ಲಿ ಬಿಎಸ್‌ಎ ಇತ್ತು. ಮೈಸೂರಿನಲ್ಲಿ ಬೆಳೆದ ನನ್ನ ವಯಸ್ಸಿನವರಿಗೆ ಅಷ್ಟು ಕಾರಣ ಸಾಕು. ಬಿಎಸ್‌ಎ ಎಸ್‌ಎಲ್‌ಆರ್ ಸೈಕಲ್ಲಿನಲ್ಲಿ ಕಾಲೇಜಿಗೆ ಬರುತ್ತಿದ್ದವನ ಗತ್ತೇ ಬೇರೆ. ಆ ಮೂರಕ್ಷರ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್ ಎಂಬ ಬಂದೂಕಿನ ಕಂಪನಿಯದು, ನಾವು ತುಳಿಯುತ್ತಿದ್ದ ಹೆಸರು ಮೊದಲು ಕೊರೆಯಲ್ಪಟ್ಟದ್ದು ರೈಫಲ್ಲುಗಳ ಮೇಲೆ ಎಂದು ತಿಳಿದದ್ದು ಎಷ್ಟೋ ವರ್ಷಗಳ ನಂತರ. ಅದೇ ಕಂಪನಿ ಏರ್‌ಗನ್ನನ್ನೂ ಮಾಡುತ್ತಿತ್ತು. ದಸರಾ ವಸ್ತುಪ್ರದರ್ಶನದ ಬಲೂನು ಅಂಗಡಿಯಲ್ಲಿ ಸರಪಳಿ ಕಟ್ಟಿ ಇಟ್ಟಿರುತ್ತಾರಲ್ಲ, ಆ ಜಾತಿಯ ಹಿರಿಯ ತಲೆಗಳಲ್ಲೊಂದು.

ಅಂಥದೊಂದು ಹಿರಿತಲೆ ಅಕ್ಕನ ಮಗನ ಪಕ್ಕದ ಮನೆಯಲ್ಲೇ ಇತ್ತು. ಎರಡು ಮಹಾಯುದ್ಧಗಳ ನಡುವಿನ ಬಿಎಸ್‌ಎ ಸ್ಟ್ಯಾಂಡರ್ಡ್. ಆ ಮನೆಯ ಯಜಮಾನರು ನಿವೃತ್ತ ಟೂಲ್‌ಮೇಕರ್, ಎಂಬತ್ತರ ಆಸುಪಾಸು. ಹಿತ್ತಿಲಿನ ಮರದ ಶೆಡ್ಡಿನಲ್ಲಿ ಅದನ್ನು ಬಿಚ್ಚಿ ಮತ್ತೆ ಹೊಡೆಯುವಂತೆ ಮಾಡಲು ಹೊರಟಿದ್ದರು. ನೋಡಲು ಬರಲೇ ಎಂದು ಕೇಳಿದ್ದಕ್ಕೆ, “ಮೊದಲು ಅದು ಹುಟ್ಟಿದ ಬೀದಿಗಳನ್ನು ನೋಡಿಕೊಂಡು ಬನ್ನಿ, ಆಮೇಲೆ ಶೆಡ್ಡಿಗೆ ಬನ್ನಿ” ಎಂದರು. ಗುರುವಿನ ಅಪ್ಪಣೆ.

ಮೂರ್ ಸ್ಟ್ರೀಟ್ ಸ್ಟೇಷನ್ನಿನಿಂದ ಸ್ಟೀಲ್‌ಹೌಸ್ ಲೇನ್ ನಡೆದು ಹೋಗುವಷ್ಟೇ ದೂರ. ಮಕ್ಕಳ ಆಸ್ಪತ್ರೆ, ಮ್ಯೂಸಿಯಂ ಆಗಿರುವ ಹಳೆಯ ಪೊಲೀಸ್ ಲಾಕಪ್ಪು, ಕೈಯಲ್ಲಿ ಕಾಫಿ ಲೋಟ ಹಿಡಿದು ಓಡುವ ವಕೀಲರು. ಈ ರಸ್ತೆಯಲ್ಲಿ ಲಿಂಕನ್ ಜೆಫ್ರೀಸ್ ಎಂಬ ಬಂದೂಕು ವ್ಯಾಪಾರಿಯ ಅಂಗಡಿಯಿತ್ತು ಎಂದರೆ ನಂಬುವುದೇ ಕಷ್ಟ. ಆತ ಅಗ್ಗದ ಏರ್‌ಗನ್ನುಗಳಿಗೆ ಒಳಗೆ ಸುರುಳಿ ಗೆರೆ ಕೊರೆದ ನಳಿಕೆ ಜೋಡಿಸಿ ನೋಡಿದ. ಗುರಿ ಸುಧಾರಿಸಿತು. ಆದರೆ ಅವುಗಳ ನಳಿಕೆ ಮಧ್ಯದಲ್ಲಿ ಮಡಚಿಕೊಳ್ಳುವಂಥದು. ಕೀಲು ಸವೆದಂತೆ ಗುರಿಯೂ ಸಡಿಲ. ನಳಿಕೆ ಅಲುಗಲೇಬಾರದು, ಸ್ಪ್ರಿಂಗ್ ಹಿಂದಕ್ಕೆ ಎಳೆಯುವ ಸನ್ನೆ ಬೇರೆಯೇ ಇದ್ದು ನಳಿಕೆಯ ಕೆಳಗೆ ಮಲಗಿರಬೇಕು ಎಂದು ಹೊಸ ವಿನ್ಯಾಸ ಮಾಡಿ 1904ರಲ್ಲಿ ಪೇಟೆಂಟಿಗೆ ಹಾಕಿದ. ಮರುವರ್ಷ ಬಿಎಸ್‌ಎ ಅದನ್ನು ತನ್ನ ಯಂತ್ರಗಳ ಮೇಲೆ ತಯಾರಿಸತೊಡಗಿತು.

ಗಾಳಿಕೋವಿ ಅದಕ್ಕೂ ಹಳೆಯದು ಅನ್ನುವುದು ನಿಜ. 1780ರ ಹೊತ್ತಿಗೇ ಆಸ್ಟ್ರಿಯಾದ ಸೈನ್ಯದ ಕೈಯಲ್ಲಿ ಜಿರಾರ್ಡೋನಿ ಎಂಬ ಕುಶಲಿ ಮಾಡಿದ ಗಾಳಿ ರೈಫಲ್ಲಿತ್ತು. ಹಿಡಿಯ ಜಾಗದಲ್ಲಿ ಗಾಳಿ ತುಂಬಿದ ಬುರುಡೆ. ಅಮೆರಿಕದ ಪಶ್ಚಿಮವನ್ನು ಹುಡುಕಿಕೊಂಡು ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ತಂಡವೂ ಒಂದು ಗಾಳಿಕೋವಿಯನ್ನು ಒಯ್ದಿತ್ತು. ಆದರೆ ಅವೆಲ್ಲ ಸೈನ್ಯಕ್ಕೆ, ಸಿರಿವಂತರಿಗೆ. ಗುಮಾಸ್ತನೊಬ್ಬ ಕೊಂಡು ಭಾನುವಾರ ಹಿತ್ತಿಲಲ್ಲಿ ಹೊಡೆಯಬಹುದಾದ, ಆದರೂ ನಿಖರವಾದ ರೈಫಲ್ ಬಂದದ್ದು ಸ್ಟೀಲ್‌ಹೌಸ್ ಲೇನಿನ ಈ ಅಂಗಡಿಯವನಿಂದ.

ಅಲ್ಲಿಂದ ವರ್ತುಲ ರಸ್ತೆ ದಾಟಿದರೆ ಗನ್ ಕ್ವಾರ್ಟರ್. ಲವ್‌ಡೇ ಸ್ಟ್ರೀಟ್, ಪ್ರೈಸ್ ಸ್ಟ್ರೀಟ್, ಬಾತ್ ಸ್ಟ್ರೀಟ್. ಒಂದು ಕಾಲಕ್ಕೆ ಇಲ್ಲಿ ಬಂದೂಕನ್ನು ಯಾರೂ ‘ಮಾಡುತ್ತಿರಲಿಲ್ಲ’. ಒಬ್ಬ ನಳಿಕೆ ಬಡಿಯುತ್ತಿದ್ದ, ಇನ್ನೊಬ್ಬ ಅದನ್ನು ಕೊರೆಯುತ್ತಿದ್ದ, ಮತ್ತೊಬ್ಬ ಬರೀ ಸ್ಪ್ರಿಂಗ್, ಪಕ್ಕದ ಅಂಗಳದವನು ಬರೀ ಮರದ ಹಿಡಿ. ಹುಡುಗರು ಅರೆಬೆಂದ ಬಂದೂಕನ್ನು ಹೆಗಲ ಮೇಲೆ ಹೊತ್ತು ಅಂಗಳದಿಂದ ಅಂಗಳಕ್ಕೆ ಓಡುತ್ತಿದ್ದರು. ಇಡೀ ಬಡಾವಣೆಯೇ ಒಂದು ಕಾರ್ಖಾನೆ. ಇಲ್ಲಿನ ಸಾವಿರಾರು ಬಂದೂಕುಗಳು ಪಶ್ಚಿಮ ಆಫ್ರಿಕಾಕ್ಕೆ ಹೋಗಿ ಗುಲಾಮರ ವ್ಯಾಪಾರದಲ್ಲಿ ಮನುಷ್ಯರ ಬೆಲೆಯಾಗಿ ಸಂದಾಯವಾದವು ಎಂಬುದೂ ಇದೇ ಬೀದಿಗಳ ಚರಿತ್ರೆ. ಇಂಗ್ಲಿಷರ ಕೈಕುಶಲತೆಗೆ ಬೆರಗಾಗುವಾಗ ಈ ಲೆಕ್ಕವನ್ನು ಬದಿಗಿಡಲು ನನ್ನಿಂದಾಗಲಿಲ್ಲ. 1960ರ ದಶಕದಲ್ಲಿ ವರ್ತುಲ ರಸ್ತೆ ಬಂದು ಆ ಅಂಗಳಗಳಲ್ಲಿ ಬಹುಪಾಲನ್ನು ನುಂಗಿತು. ಉಳಿದ ಕೆಂಪು ಇಟ್ಟಿಗೆಯ ಕೆಲವು ಗೋಡೆಗಳ ಮುಂದೆ ಕಾರುಗಳು ನಿಂತಿವೆ.

ಬ್ಯಾನ್‌ಬರಿ ಸ್ಟ್ರೀಟಿನ ಪ್ರೂಫ್ ಹೌಸ್ ಮಾತ್ರ ಅಲ್ಲಾಡಿಲ್ಲ. 1813ರಲ್ಲಿ ಸಂಸತ್ತಿನ ಕಾಯಿದೆಯಿಂದ ಹುಟ್ಟಿದ ಸಂಸ್ಥೆ. ಬಾಗಿಲ ಮೇಲೆ ಬಣ್ಣ ಬಳಿದ ಆಯುಧಗಳ ಕೆತ್ತನೆ, ಬೆನ್ನಿಗೆ ರೈಲು ಹಳಿಗಳು. ಇಲ್ಲಿ ಬಂದೂಕಿಗೆ ಬೇಕಾದ್ದಕ್ಕಿಂತ ಹೆಚ್ಚು ಮದ್ದು ತುಂಬಿ ಹೊಡೆಯುತ್ತಾರೆ; ನಳಿಕೆ ಸೀಳದೆ ಉಳಿದರೆ ಮುದ್ರೆ ಒತ್ತಿ ಕಳಿಸುತ್ತಾರೆ. ಇನ್ನೂರು ವರ್ಷ ದಾಟಿದರೂ ಇದೇ ಕೆಲಸ. ಗಾಳಿಕೋವಿಗೆ ಈ ಅಗ್ನಿಪರೀಕ್ಷೆ ಇಲ್ಲ, ಅದರಲ್ಲಿ ಮದ್ದೇ ಇಲ್ಲವಲ್ಲ.

ಸ್ಮಾಲ್ ಹೀತಿಗೆ ರೈಲಿನಲ್ಲಿ ಹೋದರೆ ಕಣ್ಣು ಮಿಟುಕಿಸುವುದರೊಳಗೆ ಇಳಿಯಬೇಕು. ‘ಪೀಕಿ ಬ್ಲೈಂಡರ್ಸ್’ ನೋಡಿದವರಿಗೆ ಈ ಹೆಸರು ಗೊತ್ತು. ಆ ಕಥೆ ಶುರುವಾಗುವುದೇ ಬಿಎಸ್‌ಎ ಕಾರ್ಖಾನೆಯಿಂದ ಕಳುವಾದ ಮೆಷಿನ್ ಗನ್ನುಗಳಿಂದ. ಅದು ಕಟ್ಟುಕಥೆ. ಕಟ್ಟದ ಕಥೆ ಅದಕ್ಕಿಂತ ಚೆನ್ನಾಗಿದೆ. ಸರ್ಕಾರದ ಎನ್‌ಫೀಲ್ಡ್ ಕಾರ್ಖಾನೆ ಯಂತ್ರದಿಂದ ಬಂದೂಕು ಮಾಡಲು ಶುರುಮಾಡಿದಾಗ ಗನ್ ಕ್ವಾರ್ಟರಿನ ಕೈಕೆಲಸದವರಿಗೆ ಉಸಿರು ಕಟ್ಟಿತು. 1861ರಲ್ಲಿ ಹದಿನಾಲ್ಕು ಜನ ಬಂದೂಕು ತಯಾರಕರು ಒಟ್ಟಾಗಿ ತಾವೂ ಯಂತ್ರ ಹಾಕಲು ಕಂಪನಿ ಕಟ್ಟಿದರು. ಊರಾಚೆಯ ಬಯಲಿನಲ್ಲಿ 25 ಎಕರೆ ಕೊಂಡರು. ಮುಂದೆ ಬಂದೂಕಿಗೆ ಗಿರಾಕಿ ಇಲ್ಲದೆ ಕಾರ್ಖಾನೆ ಬಾಗಿಲು ಹಾಕಿದ್ದಾಗ, 1880ರಲ್ಲಿ ಆಟೋ ಎಂಬಾತ ಅಕ್ಕಪಕ್ಕ ಎರಡು ಚಕ್ರವಿರುವ ವಿಚಿತ್ರ ಸೈಕಲ್ ಹಿಡಿದು ನಿರ್ದೇಶಕರ ಸಭೆಗೆ ಬಂದ. ಮೇಜಿನ ಮೇಲೆಯೇ ಅದನ್ನು ಓಡಿಸಿ ತೋರಿಸಿ, ಮೆಟ್ಟಿಲಿಳಿಸಿ, ಹಾಗೆಯೇ ರಸ್ತೆಗೆ ಹೋದ ಎಂಬ ಕಥೆಯಿದೆ. ನಿರ್ದೇಶಕರು ಒಪ್ಪಿಕೊಂಡರು. ನಮ್ಮ ಎಸ್‌ಎಲ್‌ಆರ್ ಸೈಕಲ್ಲಿನ ವಂಶವೃಕ್ಷದ ಬೇರು ಆ ಮೇಜಿನ ಮೇಲಿದೆ.

ಮೊದಲ ಮಹಾಯುದ್ಧದಲ್ಲಿ ಇಲ್ಲಿಂದ ಲಕ್ಷಕ್ಕೂ ಹೆಚ್ಚು ಲೂಯಿಸ್ ಮೆಷಿನ್ ಗನ್ನುಗಳು ಹೋದವು. 1940ರ ನವೆಂಬರ್ 19ರ ರಾತ್ರಿ ಜರ್ಮನ್ ಬಾಂಬುಗಳು ಬಿದ್ದು 53 ಕೆಲಸಗಾರರು ಸತ್ತರು. ಯುದ್ಧ ಮುಗಿದ ಮೇಲೆ ಬಿಎಸ್‌ಎ ಮೋಟಾರ್‌ಸೈಕಲ್ ಲೋಕದ ದೊರೆ. 1973ರಲ್ಲಿ ಆ ದೊರೆತನವೂ ಮುಳುಗಿ, ಮುಂದೆ ಕಟ್ಟಡಗಳು ನೆಲಕ್ಕುರುಳಿದವು. ಏರ್ ರೈಫಲ್ ವಿಭಾಗವನ್ನು 1986ರಲ್ಲಿ ಸ್ಪೇನಿನ ಗಾಮೋ ಕೊಂಡಿತು. ಬೈಕಿನ ಹೆಸರನ್ನು 2016ರಲ್ಲಿ ಕೊಂಡದ್ದು ಮಹೀಂದ್ರ ಸಮೂಹದ ಕ್ಲಾಸಿಕ್ ಲೆಜೆಂಡ್ಸ್. ಜಾವಾ, ಯೆಜ್ಡಿ ಹೆಸರುಗಳನ್ನು ಮತ್ತೆ ರಸ್ತೆಗಿಳಿಸಿದವರೂ ಅವರೇ. ಅಂದರೆ ಮೈಸೂರಿನ ಐಡಿಯಲ್ ಜಾವಾದಲ್ಲಿ 1996ರವರೆಗೆ ತಯಾರಾದ ಯೆಜ್ಡಿಯೂ ಸ್ಮಾಲ್ ಹೀತಿನ ಬಿಎಸ್‌ಎಯೂ ಈಗ ಒಂದೇ ಮನೆಯ ಸೊಸೆಯರು. ಆರ್ಮರಿ ರೋಡಿನ ತುದಿಯಲ್ಲಿ ನಿಂತು ಅಕ್ಕನ ಮಗನಿಗೆ ಇದನ್ನು ಹೇಳಿದೆ. ಅವನು ಮೊದಲ ಸಲ ಫೋನು ಜೇಬಿಗಿಟ್ಟು ಸುತ್ತ ನೋಡಿದ.

ಇನ್ನು ಶೆಡ್ಡು.

ಪಕ್ಕದ ಮನೆಯ ತಾತ ಬೆಂಚ್ ವೈಸಿನ ಬಾಯಿಗೆ ಚರ್ಮ ಸುತ್ತಿ, ರೈಫಲ್ಲನ್ನು ಅದರ ಮೇಲೆ ಒರಗಿಸಿದ್ದರು. ನಳಿಕೆಯೊಳಗೆ ಕಡ್ಡಿ ತೂರಿಸಿ ಒಳಗೆ ಯಾವ ಪೆಲೆಟ್ಟೂ ಸಿಕ್ಕಿಕೊಂಡಿಲ್ಲ ಎಂದು ನೋಡಿದ ಮೇಲೆಯೇ ಮುಂದಿನ ಮಾತು. ತುಕ್ಕಿನ ಕಂದು, ಕೊಳೆಯ ಕಪ್ಪು, ಅದರೊಳಗೆ ಎಲ್ಲೋ ಮೂರು ಬಂದೂಕುಗಳನ್ನು ತ್ರಿಕಾಲಿಯಾಗಿ ನಿಲ್ಲಿಸಿದ ಕಂಪನಿಯ ಗುರುತು. ಗುಜರಿಯವನು ತೂಕಕ್ಕೆ ಹಾಕಬಹುದಾದ ವಸ್ತು.

ತಾತ ಮೊದಲು ಮಾಡಿದ್ದು ಸ್ಕ್ರೂಡ್ರೈವರ್ ಮಸೆಯುವ ಕೆಲಸ. ಹಳೆಯ ಬಿಎಸ್‌ಎ ಸ್ಕ್ರೂಗಳ ತಲೆಯ ಸೀಳು ಬಹಳ ಕಿರಿದು. ಅಂಗಡಿಯ ಸ್ಕ್ರೂಡ್ರೈವರಿನ ಮೂತಿ ಇಳಿಜಾರಾಗಿರುತ್ತದೆ. ಅದರಿಂದ ತಿರುಗಿಸಿದರೆ ಜಾರಿ ತಲೆ ಹಾಳಾಗುತ್ತದೆ. ಪ್ರತಿ ಸ್ಕ್ರೂವಿಗೂ ಅಳತೆ ನೋಡಿ ಮೂತಿ ಮಸೆದರು. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ಬಿಟ್ಟರು. “ಅವಸರ ಇದ್ದವರು ಹೊಸ ರೈಫಲ್ ಕೊಂಡುಕೊಳ್ಳಲಿ” ಎಂದು ಗೊಣಗಿದರು.

ಮರದ ಹಿಡಿ ಬೇರೆಯಾದಾಗ ನಾನು ಹತ್ತಿರ ಬಗ್ಗಿದೆ. ಮರದ ಅಡಿಯಲ್ಲಿ ಬಿಸಿಲು, ಬೆವರು ಯಾವುದೂ ತಾಗದೆ ಉಳಿದಿದ್ದ ಉಕ್ಕಿನ ಪಟ್ಟಿ ಕಡುನೀಲಿಯಾಗಿ ಹೊಳೆಯುತ್ತಿತ್ತು. ಕಾರ್ಖಾನೆಯಿಂದ ಹೊರಬಿದ್ದ ದಿನ ಇಡೀ ರೈಫಲ್ಲಿಗೆ ಇದೇ ಬಣ್ಣ. ಸ್ಮಾಲ್ ಹೀತಿನಲ್ಲಿ ಇಡೀ ಮಧ್ಯಾಹ್ನ ಅಲೆದರೂ ಸಿಗದ ಬಿಎಸ್‌ಎ ಅಲ್ಲಿ, ಅಂಗೈ ಅಗಲದ ಜಾಗದಲ್ಲಿತ್ತು.

ಟ್ರಿಗರ್ ಇರುವ ಹಿಂಬದಿಯ ಉಕ್ಕಿನ ತುಂಡು ಸಿಲಿಂಡರಿಗೆ ಥ್ರೆಡ್ಡಿನಿಂದ ಬಿಗಿದಿರುತ್ತದೆ. ಒಳಗೆ ಸ್ಪ್ರಿಂಗ್ ಒತ್ತಿಕೊಂಡು ಕೂತಿರುವುದರಿಂದ ಥ್ರೆಡ್ ಮುಗಿಯುವ ಹೊತ್ತಿಗೆ ಒದೆಯುತ್ತದೆ. ಮುಖ ಅದರ ನೇರಕ್ಕೆ ಇರಬಾರದು. ತಾತ ನನ್ನನ್ನು ಪಕ್ಕಕ್ಕೆ ಸರಿಸಿ, ಉದ್ದನೆಯ ಕ್ಲ್ಯಾಂಪಿನಿಂದ ಅದನ್ನು ಹಿಂದಿನಿಂದ ಒತ್ತಿ ಹಿಡಿದು, ಸ್ವಲ್ಪ ಸ್ವಲ್ಪವೇ ಬಿಟ್ಟರು. ಹೊರಬಂದ ಸ್ಪ್ರಿಂಗ್ ನಡುವೆ ಸೊಟ್ಟಗಾಗಿತ್ತು. ಅದರ ಹಿಂದೆ ಪಿಸ್ಟನ್. ಪಿಸ್ಟನ್ನಿನ ತಲೆಯಲ್ಲಿ, ಒಂದು ಸ್ಕ್ರೂ ಹಿಡಿದುಕೊಂಡಿದ್ದ, ಒಣಗಿ ಕಲ್ಲಾಗಿದ್ದ ಕಪ್ಪು ಬಟ್ಟಲು.

ಅದು ಚರ್ಮ. ಇಡೀ ರೈಫಲ್ಲಿನ ಜೀವ ಅದೇ. ನಮ್ಮ ಸೈಕಲ್ ಪಂಪನ್ನು ಬಿಚ್ಚಿ ನೋಡಿದವರಿಗೆ ಬೇರೆ ವಿವರಣೆ ಬೇಡ: ಕೋಲಿನ ತುದಿಯಲ್ಲಿ ಬಟ್ಟಲಿನಾಕಾರದ ಚರ್ಮದ ವಾಷರ್, ಗಾಳಿ ಬರದಿದ್ದರೆ ಅದಕ್ಕೆ ಕೊಬ್ಬರಿ ಎಣ್ಣೆ. ಇಲ್ಲಿಯೂ ಅಷ್ಟೇ, ತಳ್ಳುವುದು ಮಾತ್ರ ತೋಳಲ್ಲ, ಸ್ಪ್ರಿಂಗ್. ಟ್ರಿಗರ್ ಎಳೆದೊಡನೆ ಪಿಸ್ಟನ್ ಮುಂದಕ್ಕೆ ನುಗ್ಗಿ ಸಿಲಿಂಡರಿನ ಗಾಳಿಯನ್ನು ಒಂದು ಸಣ್ಣ ರಂಧ್ರದ ಎದುರು ಹಿಂಡುತ್ತದೆ. ಆ ಗಾಳಿ ಪೆಲೆಟ್ಟನ್ನು ಒದ್ದು ಕಳಿಸುತ್ತದೆ. ಕೊನೆಯ ಗಳಿಗೆಯಲ್ಲಿ ಉಳಿದ ಗಾಳಿಯೇ ಪಿಸ್ಟನ್ನಿಗೆ ದಿಂಬಾಗುತ್ತದೆ. ಪೆಲೆಟ್ ಇಲ್ಲದೆ ಖಾಲಿ ಹೊಡೆದರೆ ದಿಂಬಿಲ್ಲ, ಪಿಸ್ಟನ್ ಹೋಗಿ ಉಕ್ಕಿಗೇ ಗುದ್ದುತ್ತದೆ. ಜಾತ್ರೆಯ ಏರ್‌ಗನ್ನುಗಳು ಬೇಗ ಸಾಯುವುದಕ್ಕೆ ಇದೂ ಒಂದು ಕಾರಣವಿರಬೇಕು. ಟಪ್ ಟಪ್ ಎಂದು ಖಾಲಿ ಹೊಡೆಯದ ಹುಡುಗನನ್ನು ನಾನು ಕಂಡಿಲ್ಲ.

ಇಷ್ಟು ಹಳೆಯ ರೈಫಲ್ಲಿಗೆ ವಾಷರ್ ಎಲ್ಲಿ ಹುಡುಕುತ್ತಾರೆ ಎಂದು ನಾನು ಯೋಚಿಸುತ್ತಿದ್ದರೆ ತಾತ ಡ್ರಾಯರ್ ಎಳೆದರು. ಸ್ಪ್ರಿಂಗ್, ವಾಷರ್, ಸ್ಕ್ರೂ, ಎಲ್ಲ ಇವತ್ತಿಗೂ ಮಾಡಿ ಮಾರುವವರಿದ್ದಾರೆ. ಯಂತ್ರದಲ್ಲಿ ಒಂದೇ ಅಳತೆಗೆ ಮಾಡಿದ್ದರಿಂದ ಆ ಕಾಲದ ಸಾವಿರಾರು ರೈಫಲ್ಲುಗಳಿಗೆ ಈ ಕಾಲದ ಭಾಗ ಕೂರುತ್ತದೆ. ಆದರೆ ವಾಷರ್ ಮಾತ್ರ ತಾವೇ ಮಾಡುವ ಹಟ ಅವರದು. ದಪ್ಪ ಚರ್ಮವನ್ನು ದುಂಡಗೆ ಕತ್ತರಿಸಿ, ನೀರಿನಲ್ಲಿ ನೆನೆಸಿ, ಲೇತಿನಲ್ಲಿ ಕಡೆದ ಉಕ್ಕಿನ ಅಚ್ಚಿನೊಳಗೆ ಒತ್ತಿ ಬಿಗಿದರು. ಒಣಗಿದಾಗ ಬಟ್ಟಲು ಸಿದ್ಧ. ಅಂಚು ಸವರಿ ಎಣ್ಣೆಯಲ್ಲಿ ಮುಳುಗಿಸಿದರು. ಎಣ್ಣೆಯೂ ದನದ ಕಾಲಿನ ಮೂಳೆಯಿಂದ ತೆಗೆದದ್ದೇ. ದನದ ಚರ್ಮ, ದನದ ಎಣ್ಣೆ, ನಡುವೆ ಬರ್ಮಿಂಗ್‌ಹ್ಯಾಮಿನ ಉಕ್ಕು. ರಬ್ಬರೂ ಇಲ್ಲ, ಪ್ಲಾಸ್ಟಿಕ್ಕೂ ಇಲ್ಲ.

ನಳಿಕೆಯ ಹಿಂದೆ ಒಂದು ಟ್ಯಾಪ್ ಇದೆ, ನಲ್ಲಿಯ ತಿರುಗಣೆಯ ಹಾಗೆ ಚೂಪಾಗುತ್ತ ಹೋಗುವ ಉಕ್ಕಿನ ಬಿರಡೆ. ತಿರುಗಿಸಿದರೆ ಮೇಲ್ಮುಖವಾಗಿ ತೂತು ತೆರೆಯುತ್ತದೆ, ಪೆಲೆಟ್ಟನ್ನು ಮೂತಿ ಕೆಳಗಾಗಿ ಹಾಕಿ ಮತ್ತೆ ತಿರುಗಿಸಿದರೆ ನಳಿಕೆಯ ನೇರಕ್ಕೆ ಬಂದು ಕೂರುತ್ತದೆ. ಇದೊಂದನ್ನು ಬೇರೆ ರೈಫಲ್ಲಿನಿಂದ ತಂದು ಹಾಕುವಂತಿಲ್ಲ. ಅದರ ಗೂಡಿನಲ್ಲೇ ಉಜ್ಜಿ ಕೂಡಿಸಿದ್ದು, ಕೂದಲೆಳೆಯಷ್ಟು ಸಂದಿಯಿದ್ದರೂ ಗಾಳಿ ಸೋರುತ್ತದೆ. ಅದನ್ನು ಹೊರತೆಗೆದು ಒರೆಸಿ, ಒಂದು ತೊಟ್ಟು ಎಣ್ಣೆ ಹಚ್ಚಿ, ಹಾಗೆಯೇ ವಾಪಸ್ ಕೂರಿಸಿದರು. ಪಾಲಿಷ್ ಮಾಡುತ್ತೀರಾ ಎಂದೆ. ತಾತ ನನ್ನನ್ನು ನೋಡಿದ ರೀತಿಗೆ ಮುಂದಿನ ಪ್ರಶ್ನೆ ಗಂಟಲಲ್ಲೇ ಉಳಿಯಿತು.

ತುಕ್ಕು ತೆಗೆಯಲು ಅವರು ಬಳಸಿದ್ದು ಒಂದು ಪೆನ್ನಿ. ಎಣ್ಣೆ ಹಚ್ಚಿದ ಉಕ್ಕಿನ ಮೇಲೆ ನಾಣ್ಯದ ಅಂಚಿನಿಂದ ಕೆರೆದರೆ ತುಕ್ಕಿನ ಗಂಟು ಏಳುತ್ತದೆ, ಕಂಚು ಉಕ್ಕಿಗಿಂತ ಮೆದುವಾದ್ದರಿಂದ ಗೀರು ಬೀಳುವುದಿಲ್ಲ. ಯಾವ ಪೆನ್ನಿಯಾದರೂ ಆಗದು. 1992ರಿಂದ ಬ್ರಿಟನ್ನಿನ ಪೆನ್ನಿ ಒಳಗೆಲ್ಲ ಉಕ್ಕು, ಮೇಲೆ ತಾಮ್ರದ ಲೇಪ. ತಾತ ಡಬ್ಬಿಯ ಚಿಲ್ಲರೆಯ ಮೇಲೆ ಅಯಸ್ಕಾಂತ ಆಡಿಸಿ, ಅಂಟದೆ ಉಳಿದವುಗಳಲ್ಲಿ ಒಂದನ್ನು ಆರಿಸಿಕೊಂಡರು. ರಾಣಿಯ ಮುಖ ಸವೆಯುವವರೆಗೂ ಕೆರೆದರು. ಉಳಿದದ್ದಕ್ಕೆ ಅತಿ ನಯವಾದ ಉಕ್ಕಿನ ನಾರು, ಮತ್ತೆ ಎಣ್ಣೆ. ತುಕ್ಕು ಹೋಯಿತು, ಅದರಡಿಯ ಹಳೆಯ ನೀಲಿ ಅಲ್ಲಲ್ಲಿ ಉಳಿಯಿತು, ಮೂರು ಬಂದೂಕಿನ ಗುರುತು ಎದ್ದುಬಂತು. ಮತ್ತೆ ಬಣ್ಣ ಏರಿಸುವ ಮಾತೇ ಇಲ್ಲ. ಸ್ಯಾಂಡ್‌ಪೇಪರ್ ಆ ಶೆಡ್ಡಿನ ಹೊಸ್ತಿಲು ದಾಟಿದ್ದಿಲ್ಲ.

ಹಿಡಿಯದು ವಾಲ್‌ನಟ್ ಮರ. ತಗ್ಗು ಬಿದ್ದ ಕಡೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆ ಒತ್ತಿದರೆ ಹಬೆ ಮರದೊಳಗೆ ಹೋಗಿ, ಜಜ್ಜಿದ ನಾರು ಉಬ್ಬಿ, ತಗ್ಗು ತಾನಾಗಿ ಮೇಲೇಳುತ್ತದೆ. ಇದನ್ನು ಓದಿ ತಿಳಿದಿದ್ದೆ, ಕಣ್ಣಾರೆ ಕಂಡಾಗ ಮಾತ್ರ ಸಣ್ಣ ಹುಡುಗನಂತೆ “ಇನ್ನೊಂದು ಸಲ” ಎಂದೆ. ಅಗಸೆ ಎಣ್ಣೆಯನ್ನು ಬಟ್ಟೆಯಿಂದಲ್ಲ, ಅಂಗೈಯಿಂದ ತಿಕ್ಕಿದರು. ಕೈಬಿಸಿಗೆ ಎಣ್ಣೆ ಇಳಿಯುತ್ತದಂತೆ. ಒಂದು ಪದರ ಒಣಗಿದ ಮೇಲೆ ಇನ್ನೊಂದು. ಆ ಕೆಲಸಕ್ಕೆ ನನಗೂ ಅನುಮತಿ ಸಿಕ್ಕಿತು.

ಜೋಡಣೆ ಬೇಗ ಮುಗಿಯಿತು. ಟ್ಯಾಪಿನ ಸುತ್ತ ಟಿಶ್ಯೂ ಕಾಗದದ ಚೂರು ಇಟ್ಟು ಹೊಡೆದರು, ಕಾಗದ ಅಲುಗಲಿಲ್ಲ, ಸೋರಿಕೆಯಿಲ್ಲ. ಮೊದಲ ಕೆಲವು ಹೊಡೆತಗಳಿಗೆ ಚಟೀರೆಂಬ ಸದ್ದು, ನಳಿಕೆಯಿಂದ ತೆಳು ಹೊಗೆ. ಮದ್ದಿಲ್ಲದ ಕೋವಿಯಿಂದ ಹೊಗೆ! ಒಮ್ಮೆಲೇ ಹಿಂಡಿದ ಗಾಳಿ ಎಷ್ಟು ಕಾಯುತ್ತದೆಂದರೆ, ಚರ್ಮದಿಂದ ಜಿನುಗಿದ ಎಣ್ಣೆ ಅಲ್ಲೇ ಹೊತ್ತಿಕೊಳ್ಳುತ್ತದೆ. ಡೀಸೆಲ್ ಎಂಜಿನ್ ಓಡುವುದೂ ಇದೇ ತತ್ವದಿಂದ. ಹೆಚ್ಚುವರಿ ಎಣ್ಣೆ ಉರಿದು ಹೋದ ಮೇಲೆ ಹೊಗೆ ನಿಂತು, ಸದ್ದು ಮೆತ್ತಗಾಯಿತು. ವೇಗ ಅಳೆಯುವ ಯಂತ್ರ ಸೆಕೆಂಡಿಗೆ 500 ಅಡಿಯ ಹತ್ತಿರ ತೋರಿಸಿತು. ಇಂಗ್ಲೆಂಡಿನಲ್ಲಿ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದಾದ ಏರ್ ರೈಫಲ್ಲಿನ ಶಕ್ತಿಗೆ 12 ಅಡಿ-ಪೌಂಡಿನ ಮಿತಿಯಿದೆ; ಇದು ಅದಕ್ಕಿಂತ ಸಾಕಷ್ಟು ಕೆಳಗೆ. ಇನ್ನೂ ಗಟ್ಟಿ ಸ್ಪ್ರಿಂಗ್ ಹಾಕಿದರೆ ಜೋರಾಗುವುದಿಲ್ಲವೇ ಎಂದು ಅಕ್ಕನ ಮಗ ಕೇಳಿದ. “ಮುದುಕನಿಗೆ ಓಟದ ಪಂದ್ಯ ಯಾಕೆ?” ಎಂದರು ತಾತ.

ಅವರು ಪ್ರಾಯದಲ್ಲಿ ಈ ಬಗೆಯ ರೈಫಲ್ಲಿನಿಂದ ಪಬ್ಬುಗಳಲ್ಲಿ ಗಂಟೆ ಹೊಡೆದವರು. ಬೆಲ್ ಟಾರ್ಗೆಟ್ ಎಂಬ ಆಟ ಬರ್ಮಿಂಗ್‌ಹ್ಯಾಮಿನ ಸುತ್ತಲಿನ ಊರುಗಳಲ್ಲಿ ಒಂದು ಕಾಲಕ್ಕೆ ಮನೆಮಾತು. ಆರೇಳು ಗಜ ದೂರದಲ್ಲಿ ಉಕ್ಕಿನ ತಟ್ಟೆ, ಅದರ ನಡುವೆ ಒಂದಂಗುಲದ ಎಂಟರಲ್ಲಿ ಮೂರು ಭಾಗದಷ್ಟು ತೂತು, ತೂತಿನ ಹಿಂದೆ ಗಂಟೆ. ಪೆಲೆಟ್ ತೂತಿನೊಳಗೆ ಹೋದರೆ ಠಣ್. ಕಾರ್ಖಾನೆಯಲ್ಲಿ ಹಗಲೆಲ್ಲ ದುಡಿದವರು ಸಂಜೆ ಬಿಯರ್ ಲೋಟದ ನಡುವೆ ಊರಿಗೆ ಊರೇ ತಂಡ ಕಟ್ಟಿ ಸ್ಪರ್ಧಿಸುತ್ತಿದ್ದರಂತೆ. ಕೈಲ್ ಮುಹೂರ್ತದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ನಮ್ಮ ಕೊಡಗಿನವರ ಸುದ್ದಿ ಹೇಳಿದೆ. ತಾತ ಕೇಳಿದ್ದು ಒಂದೇ ಪ್ರಶ್ನೆ: “ಎಷ್ಟು ದೂರದಿಂದ?”

ಇದನ್ನು ಓದಿ ಅಟ್ಟದ ಮೇಲಿರುವ ಅಜ್ಜನ ಕಾಲದ ಏರ್‌ಗನ್ನನ್ನು ಇಳಿಸಲು ಏಣಿ ಹುಡುಕುವವರಿಗೆ ಒಂದು ಮಾತು. ಸ್ಕ್ರೂಡ್ರೈವರ್ ಹಿಡಿಯುವ ಮುಂಚೆ ನಳಿಕೆಯ ಅಳತೆ ನೋಡಿ. ನಮ್ಮ 2016ರ ಆಯುಧ ನಿಯಮಗಳ ಪ್ರಕಾರ .177 ಅಂಗುಲಕ್ಕಿಂತ ಅಗಲದ ನಳಿಕೆಯಾಗಲಿ, 20 ಜೂಲಿಗಿಂತ ಹೆಚ್ಚಿನ ಶಕ್ತಿಯಾಗಲಿ ಇದ್ದರೆ ಲೈಸೆನ್ಸ್ ಬೇಕು. ತಾತನ ಸ್ಟ್ಯಾಂಡರ್ಡ್ .22ರದು, ಇಂಗ್ಲೆಂಡಿನ ಹಿತ್ತಿಲಲ್ಲಿ ಅದಕ್ಕೆ ಅಡ್ಡಿಯಿಲ್ಲ, ಮೈಸೂರಿನಲ್ಲಿ ಇದೆ. ನಿಮ್ಮದು .177ರದೇ ಆಗಿದ್ದರೆ ಒಳಗೆ ಪೆಲೆಟ್ ಇಲ್ಲವೆಂದು ಖಚಿತ ಮಾಡಿಕೊಳ್ಳಿ, ಸ್ಪ್ರಿಂಗಿನ ನೇರಕ್ಕೆ ಮುಖ ಇಡಬೇಡಿ, ಮತ್ತು ದಯವಿಟ್ಟು ಅದಕ್ಕೆ ಎನಾಮೆಲ್ ಬಣ್ಣ ಬಳಿಯಬೇಡಿ.